ಗೋಧಿ ಹುಳದ ಮೇಡಂ ಪಜೀತಿಗಳು

ಡಾಕ್ಟರಾಗಿದ್ರೆ ಜನ ನಾಡಿ ತೋರಿಸ್ತಾರೆ, ವಕೀಲರಾಗಿದ್ರೆ ಜಗಳ ತರ್ತಾರೆ. ನನ್ನ ಕೆಲಸ ಗೋಧಿ ಬೇರು ಕಡಿಯೋ ಜಂತುಹುಳದ ಸಂಶೋಧನೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಆದರೆ ಅದರಿಂದಾಗೋ ಪಜೀತಿ ಮಾತ್ರ ನಮ್ಮ ವಿಜಯನಗರ ಬಡಾವಣೆಗೆಲ್ಲ ಕಾಣುತ್ತೆ.

ಹಲ್ಲು ಕಡಿಯೋ ಅಂಕಲ್

ಹೊಸದಾಗಿ ಬಾಡಿಗೆಗೆ ಬಂದಾಗ ಪಕ್ಕದ ಮನೆ ಆಂಟಿ ಕೇಳಿದ್ರು, "ಏನ್ ಕೆಲಸಮ್ಮ?"

"ಜಂತುಹುಳದ ಮೇಲೆ ಆಂಟಿ."

ಮಾರನೇ ಬೆಳಗ್ಗೆ ಗಂಡನ್ನ ಕರ್ಕೊಂಡು ಬಾಗಿಲಲ್ಲಿ ನಿಂತಿದ್ರು. ರಿಟೈರ್ಡ್ ಆಫೀಸರ್, ನಾಚಿಕೊಂಡು ನೆಲ ನೋಡ್ತಿದ್ರು.

"ರಾತ್ರಿಯೆಲ್ಲ ಕಟಕಟ ಹಲ್ಲು ಕಡೀತಾರಮ್ಮ. ಒಂದು ಮಾತ್ರೆ ಕೊಡು."

"ಅಯ್ಯೋ ಆಂಟಿ, ನನ್ನವು ಹೊಟ್ಟೆ ಹುಳ ಅಲ್ಲ, ಗೋಧಿ ಹುಳ!"

"ಅದೇ ಕಣಮ್ಮ! ಶುಗರ್ ಬಂದಾಗಿನಿಂದ ಇವ್ರೂ ಮೂರು ಹೊತ್ತು ಚಪಾತೀನೇ ತಿನ್ನೋದು!"

ಒಳ್ಳೇ ಕೊಳೆತ ಮಾಲು

ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್‌ನಲ್ಲಿ ಸೆಕ್ಯೂರಿಟಿಯವರು ನನ್ನ ಬ್ಯಾಗ್ ತೆಗೆಸಿದ್ರು. ಒಳಗೆ ಕಪ್ಪಗೆ ಕೊಳೆತ ಬೇರಿನ ಕಟ್ಟು.

"ಏನ್ ಮೇಡಂ ಇದು?"

"ಗೋಧಿ ಬೇರು ಸಾರ್. ಹುಳ ಕಡಿದು, ಬೂಷ್ಟು ಹಿಡಿದಿದೆ."

ಅವರು ಎರಡು ಹೆಜ್ಜೆ ಹಿಂದೆ ಸರಿದು ಸೀನಿಯರ್‌ನ ಕರೆದ್ರು. ಸೀನಿಯರ್ ಮೂಸಿ ನೋಡಿ ಮುಖ ಕಿವಿಚಿದ್ರು. "ಕೊಳೆತಿರೋದನ್ನ ಯಾಕೆ ಮೇಡಂ ತಗೊಂಡ್ ಹೋಗ್ತೀರಾ?"

ಟ್ರೈನ್ ಹಿಡಿಯೋ ಆತುರದಲ್ಲಿ ಹೇಳಿಬಿಟ್ಟೆ, "ಇಷ್ಟು ಚೆನ್ನಾಗಿ ಕೊಳೆತಿರೋದು ಸಿಗೋದೇ ಕಷ್ಟ ಸಾರ್!"

ಇಬ್ಬರೂ ಮುಖ ಮುಖ ನೋಡ್ಕೊಂಡ್ರು. ಸೀನಿಯರ್ ಮೆಲ್ಲಗೆ ಅಂದ್ರು, "ಬಿಡಪ್ಪ, ಹೋಗ್ಲಿ. ಪಾಪ, ಮನೇಲಿ ಏನ್ ಕಷ್ಟಾನೋ."

ಅಮ್ಮನ ಡಾಕ್ಟರೇಟ್

ನನ್ನ ವಿದ್ಯಾರ್ಥಿನಿಯೊಬ್ಬಳ ಪಿಎಚ್‌ಡಿ ಮೌಖಿಕ ಪರೀಕ್ಷೆ. ರಾಜಾಜಿನಗರದಿಂದ ಅವಳ ಅಮ್ಮನೂ ಬಂದು ಕೊನೇ ಸಾಲಲ್ಲಿ ಕೂತಿದ್ರು.

ಪರೀಕ್ಷಕರು ಕನ್ನಡಕ ಸರಿಮಾಡ್ಕೊಂಡು ಕೇಳಿದ್ರು, "ಗಿಡ ಸಾಯೋಕೆ ಕಾರಣ ಹುಳಾನೋ, ಶಿಲೀಂಧ್ರಾನೋ?"

ಹುಡುಗಿ ಭಯಕ್ಕೆ ಥೀಸಿಸ್ ಹಾಳೆಗಳನ್ನ ಹಿಂದೆ ಮುಂದೆ ತಿರುವಿದಳು. ಇಷ್ಟು ವರ್ಷದ ಕೆಲಸ ನೀರುಪಾಲಾಯ್ತಲ್ಲ ಅಂತ ನನಗೂ ಬೆವರು.

ಹಿಂದಿನಿಂದ ಒಂದು ಗುಡುಗು: "ಹೇಳೇ! ಹುಳ ಬೇರಲ್ಲಿ ತೂತು ಕೊರೆಯುತ್ತೆ, ಅದೇ ತೂತಲ್ಲಿ ಬೂಷ್ಟು ನುಗ್ಗುತ್ತೆ. ಒಬ್ಬೊಬ್ರೇ ಬಂದ್ರೆ ಗಿಡ ತಡ್ಕೊಳ್ಳುತ್ತೆ, ಇಬ್ರೂ ಸೇರಿದ್ರೆ ಮಟಾಷ್!"

ಹಾಲ್ ಎಲ್ಲ ಗೊಳ್ಳೆಂದು ನಕ್ಕಿತು. ಹುಡುಗಿಗೂ ನಗು ಬಂತು, ನಗುವಿನ ಜೊತೆ ಭಯ ಹೋಯ್ತು. ಮುಂದಿನ ಪ್ರಶ್ನೆಗಳಿಗೆಲ್ಲ ಪಟಪಟ ಉತ್ತರ.

ಕೊನೆಗೆ ಪರೀಕ್ಷಕರು ಕೇಳಿದ್ರು, "ಅಮ್ಮಾ, ನೀವು ಯಾವ ಯೂನಿವರ್ಸಿಟಿ?"

"ನಮ್ಮನೆ ಅಡುಗೆಮನೆ ಸಾರ್. ದಿನಾ ಇವಳ ಬಾಯಲ್ಲಿ ಇದನ್ನೇ ಕೇಳಿ ಕೇಳಿ ತಲೆ ಕೆಟ್ಟಿದೆ. ಇವಳನ್ನ ಪಾಸ್ ಮಾಡಿ, ಇಲ್ಲ ಆ ಡಾಕ್ಟರೇಟ್ ನನಗೇ ಕೊಟ್ಬಿಡಿ!"