ಟೇಬಲ್ ಕೂಡಿಸಿದ ಶೆಟ್ಟರ ಬೀಜಗಣಿತ

ಚಿತ್ತರಂಜನ ಶೆಟ್ಟರಿಗೆ ಮಗಳ ಟ್ಯೂಷನ್ನಿನ ಮೇಲೆ ಸಿಟ್ಟು ಬಂದದ್ದು ವಿದ್ಯೆಯ ಕಾರಣಕ್ಕಲ್ಲ, ನಂತೂರು ಸರ್ಕಲ್ಲಿನ ಕಾರಣಕ್ಕೆ. ಒಂಬತ್ತನೇ ಕ್ಲಾಸಿನ ಮನ್ವಿತಾಳನ್ನು ಕಾರಿನಲ್ಲಿ ಕೂರಿಸಿಕೊಂಡು ಜೆಪ್ಪುವಿನ ಮನೆಯಿಂದ ವಾಮಂಜೂರಿಗೆ ಹೊರಟರೆ, ನಂತೂರಿನಲ್ಲಿ ಎದುರಿಗೊಂದು ಲಾರಿ, ಹಿಂದೊಂದು ಬಸ್ಸು, ಪಕ್ಕದಲ್ಲಿ ಗ್ಯಾಸಿನ ಟ್ಯಾಂಕರು. ಒಂದು ಗಂಟೆಯ ಪಾಠಕ್ಕೆ ಒಂದೂವರೆ ಗಂಟೆಯ ದಾರಿ. ಅದೂ ಸಂಜೆ ಹೊತ್ತು, ಶೆಟ್ಟರ ಹೋಟೆಲಿನಲ್ಲಿ ಗೋಳಿಬಜೆಯ ಬಾಣಲೆ ಒಲೆಯಿಂದ ಇಳಿಯದ ಸಮಯದಲ್ಲಿ. ಒಂದು ಬುಧವಾರ ಒಂದೇ ಲಾರಿಯ ಹಿಂಭಾಗವನ್ನು ಇಪ್ಪತ್ತೈದು ನಿಮಿಷ ನೋಡಿದ ಮೇಲೆ ಅವರಿಗೆ ಜ್ಞಾನೋದಯವಾಯಿತು. ಮಗಳಿಗೆ ಲೆಕ್ಕ ಹೇಳಿಕೊಡಲು ತಾವೇ ಇರುವಾಗ ವಾಮಂಜೂರು ಯಾಕೆ?

ಮರುದಿನ ತಿಂಡಿಯ ಹೊತ್ತಿಗೆ ಈ ಘೋಷಣೆ ಹೊರಬಿತ್ತು. ಹೆಂಡತಿ ಸುಂದರಿ ನೀರುದೋಸೆ ಮಗುಚುವುದನ್ನು ಬಿಟ್ಟು ತಿರುಗಿ ನೋಡಿದರು.

"ನೀವು ಲೆಕ್ಕದ ಪುಸ್ತಕ ಮುಟ್ಟಿ ಎಷ್ಟು ವರ್ಷ ಆಯ್ತು ಮಾರಾಯ್ರೆ?"

ತನಗೆ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಎಂಬತ್ತೊಂದು ಬಂದಿತ್ತು ಎಂದು ಶೆಟ್ಟರು ನೆನಪಿಸಿದರು. (ಮದುವೆಯ ಮಾತುಕತೆಯಾಗುವಾಗ ಅದು ಅರವತ್ತೆಂಟಿತ್ತು. ಮನ್ವಿತಾ ಹುಟ್ಟಿದಾಗ ಎಪ್ಪತ್ತೆರಡಾಯಿತು. ಒಳ್ಳೆಯ ಅಂಕಗಳು ಹಾಗೆಯೇ, ವಯಸ್ಸಾದಂತೆ ಬೆಳೆಯುತ್ತವೆ.) ಸುಂದರಿ ವಾದಕ್ಕಿಳಿಯಲಿಲ್ಲ, ಒಂದು ಕರಾರು ಹಾಕಿದರು. ಎರಡು ವಾರ ಕಳೆದರೆ ಟೆಸ್ಟು ಉಂಟು, ಇಪ್ಪತ್ತು ಅಂಕದ್ದು. ಹದಿನೈದಕ್ಕಿಂತ ಒಂದು ಕಡಿಮೆಯಾದರೂ ಟ್ಯೂಷನ್ ಮತ್ತೆ ಶುರು, ಶೆಟ್ಟರು ವರ್ಷವಿಡೀ ತುಟಿ ಪಿಟಕ್ಕೆನ್ನದೆ ನಂತೂರು ದಾಟಬೇಕು.

ಶೆಟ್ಟರು ಒಪ್ಪಿದರು. ಒಪ್ಪಲು ಅವರಿಗೆ ಯಾರಲ್ಲೂ ಹೇಳದ ಇನ್ನೊಂದು ಕಾರಣವಿತ್ತು. ಹೋದ ವರ್ಷದವರೆಗೆ ಶಾಲೆ ಬಿಟ್ಟ ಕೂಡಲೇ ಹೋಟೆಲಿಗೆ ಬಂದು ಅವರ ಪಕ್ಕದ ಸ್ಟೂಲಿನಲ್ಲಿ ಕೂತು ಪಟ್ಟಾಂಗ ಹೊಡೆಯುತ್ತಿದ್ದ ಹುಡುಗಿ ಈಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕಾರಿನಲ್ಲಿ ಕೂತರೂ ಕಿವಿಗೆ ಇಯರ್‌ಫೋನು. ದಿನಕ್ಕೊಂದು ಗಂಟೆ ಮಗಳು ಎದುರು ಕೂರುತ್ತಾಳೆಂದರೆ ಲೆಕ್ಕವೇನು, ಸಂಸ್ಕೃತ ವ್ಯಾಕರಣ ಹೇಳಿಕೊಡಲೂ ಅವರು ತಯಾರಿದ್ದರು.

ಮೊದಲ ದಿನದ ಪಾಠ ಬೀಜಗಣಿತದ ಭಿನ್ನರಾಶಿ. ಎಕ್ಸ್‌ನ ಮೇಲೆ ಒಂದು, ವೈಯ ಮೇಲೆ ಒಂದು, ಎರಡನ್ನೂ ಕೂಡಿಸಬೇಕು. ಛೇದದಲ್ಲಿ ಅಂಕಿಯ ಬದಲು ಅಕ್ಷರ ಕೂತಿರುವುದನ್ನು ಕಂಡು ಶೆಟ್ಟರು ಪುಸ್ತಕದ ಹೊದಿಕೆ ತಿರುಗಿಸಿ, ಲೆಕ್ಕದ್ದೇ ಹೌದಾ ಎಂದು ನೋಡಿದರು. ಆದರೆ ಇಪ್ಪತ್ತೆರಡು ವರ್ಷ ಹೋಟೆಲು ನಡೆಸಿದ ತಲೆ ಅಷ್ಟು ಸುಲಭಕ್ಕೆ ಕೈಕೊಡುವುದಿಲ್ಲ.

"ನೋಡು ಮಗಾ, ಎಕ್ಸ್ ಅಂದ್ರೆ ಒಂದು ಟೇಬಲ್. ಅದರ ಮೇಲೆ ಒಂದು ಪ್ಲೇಟ್. ವೈ ಅಂದ್ರೆ ಪಕ್ಕದ ಟೇಬಲ್, ಅದರ ಮೇಲೂ ಒಂದು ಪ್ಲೇಟ್. ದೊಡ್ಡ ಫ್ಯಾಮಿಲಿ ಬಂತು, ಟೇಬಲ್ ಎರಡನ್ನೂ ಕೂಡಿಸಿದೆವು. ಈಗ ಮೇಲೆ ಎಷ್ಟು ಪ್ಲೇಟ್? ಎರಡು. ಕೆಳಗೆ ಎಂತ ಉಂಟು? ಎಕ್ಸ್ ಪ್ಲಸ್ ವೈ. ಉತ್ತರ ಬಂತಲ್ಲ."

ಮನ್ವಿತಾ ಪುಸ್ತಕ ನೋಡಿದಳು, ಅಪ್ಪನ ಮುಖ ನೋಡಿದಳು. ಛೇದಗಳ ಲ.ಸಾ.ಅ. ತೆಗೆಯಬೇಕೆಂದು ಶಾಲೆಯಲ್ಲಿ ಸಾಜಿದಾ ಟೀಚರ್ ಹೇಳಿದ್ದರಲ್ಲ ಎಂದು ಮೆಲ್ಲಗೆ ಕೇಳಿದಳು. ಅದೆಲ್ಲ ಹೋಟೆಲು ಗೊತ್ತಿಲ್ಲದವರಿಗೆ ಎಂದು ಶೆಟ್ಟರು ತಳ್ಳಿಹಾಕಿದರು. (ಲ.ಸಾ.ಅ.ವನ್ನು ಅವರು ಕೊನೆಯ ಸಲ ಕಂಡದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ, ಆ ಭೇಟಿ ಅಷ್ಟೇನೂ ಸೌಹಾರ್ದದಿಂದ ನಡೆದಿರಲಿಲ್ಲ.) ಕಳೆಯುವುದನ್ನೂ ಅದೇ ಬಿಸಿಯಲ್ಲಿ ಮುಗಿಸಿದರು. ಫ್ಯಾಮಿಲಿ ಎದ್ದು ಹೋದ ಮೇಲೆ ಟೇಬಲ್ ಎಳೆದು ಬೇರೆ ಮಾಡುವುದು, ಅಷ್ಟೇ.

ಎರಡು ವಾರ ಪಾಠ ಸಾಂಗವಾಗಿ ನಡೆಯಿತು. ಮನ್ವಿತಾ ಒಮ್ಮೆಯೂ ತಪ್ಪಿಸಿಕೊಳ್ಳಲಿಲ್ಲ. ಲೆಕ್ಕದ ನಡುವೆ ಶಾಲೆಯ ಸುದ್ದಿ, ಗೆಳತಿ ಸಂಚಿತಾಳ ಹೊಸ ಬೆಕ್ಕಿನ ಸುದ್ದಿ ಎಲ್ಲ ಬಂದವು. ಶೆಟ್ಟರು ಇಷ್ಟು ಸುಖವಾಗಿ ಇತ್ತೀಚೆಗೆ ಇದ್ದದ್ದೇ ಇಲ್ಲ.

ಟೆಸ್ಟು ಮುಗಿದ ಸಂಜೆ ಮಗಳು ಹೋಟೆಲಿಗೇ ಬಂದಳು.

"ಪಪ್ಪ, ನಿಮ್ಮ ಲೆಕ್ಕವೇ ಪೇಪರಲ್ಲಿ ಬಂದಿತ್ತು."

ಇದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ, ಹೇಳಲು ಶೆಟ್ಟರು ಬಿಡಲೂ ಇಲ್ಲ. ಆ ಸಂಜೆ ಚಾ ಕುಡಿಯಲು ಬಂದವರಿಗೆಲ್ಲ ಒಂದೊಂದು ಬನ್ಸ್ ಪುಕ್ಕಟೆ ಹೋಯಿತು. ನಿತ್ಯದ ಗಿರಾಕಿ ಸರ್ವೋತ್ತಮ ಪೈಗಳು ಅದು ಎಂಥ ಲೆಕ್ಕ ಎಂದು ಕೇಳಿದ್ದೇ ತಡ, ಶೆಟ್ಟರು ಗಲ್ಲಾ ಬಿಟ್ಟು ಎದ್ದು ಬಂದು ಎರಡು ಟೇಬಲ್ ನಿಜವಾಗಿಯೇ ಕೂಡಿಸಿ, ಪ್ಲೇಟ್ ಇಟ್ಟು ತೋರಿಸಿದರು. ಬಾಯಿ ತುಂಬ ಬನ್ಸ್ ಇದ್ದ ಪೈಗಳು ತಲೆದೂಗಿದರು. ಪುಕ್ಕಟೆ ಬನ್ಸಿನ ಎದುರು ಗಣಿತದ ತಕರಾರು ಯಾರು ತೆಗೆಯುತ್ತಾರೆ?

ಶನಿವಾರ ಉತ್ತರಪತ್ರಿಕೆ ಮನೆಗೆ ಬಂತು, ಪೋಷಕರ ಸಹಿಗಾಗಿ. ಇಪ್ಪತ್ತಕ್ಕೆ ಹತ್ತೊಂಬತ್ತು. ಶೆಟ್ಟರು ಹೆಂಡತಿಯ ಕಡೆ ನೋಡಿದ ನೋಟದಲ್ಲಿ ಒಂದು ಸಾಮ್ರಾಜ್ಯ ಗೆದ್ದ ಗತ್ತಿತ್ತು. ಸುಂದರಿ ಮಾತ್ರ ಪತ್ರಿಕೆ ಕೈಗೆ ತೆಗೆದುಕೊಂಡು ಏಳನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದರು. ಅದು ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಒಬ್ಬ ಹೋಟೆಲ್ ಮಾಲೀಕರು ಎರಡು ಟೇಬಲ್ ಸೇರಿಸಿದ ಹಾಗೆ ಎರಡು ಭಿನ್ನರಾಶಿಗಳನ್ನು ಕೂಡಿಸಿದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಅವರ ತಪ್ಪನ್ನು ಉದಾಹರಣೆಯೊಂದಿಗೆ ತೋರಿಸಿ. ನಾಲ್ಕು ಅಂಕ.

ಕೆಳಗೆ ಮನ್ವಿತಾಳ ದುಂಡಗಿನ ಅಕ್ಷರ. ಎಕ್ಸ್ ಮತ್ತು ವೈ ಎರಡೂ ಎರಡು ಎಂದಿಟ್ಟುಕೊಳ್ಳೋಣ. ಅರ್ಧಕ್ಕೆ ಅರ್ಧ ಕೂಡಿಸಿದರೆ ಮಾಲೀಕರ ಲೆಕ್ಕದಲ್ಲಿ ನಾಲ್ಕನೇ ಎರಡು, ಅಂದರೆ ಪುನಃ ಅರ್ಧ. ಈ ಹೋಟೆಲಿನಲ್ಲಿ ಅರ್ಧ ಪ್ಲೇಟ್ ಬಿರಿಯಾನಿ ಎರಡು ಸಲ ತರಿಸಿದರೂ ಅರ್ಧ ಪ್ಲೇಟೇ ಸಿಗುತ್ತದೆ, ಹಾಗಾಗಿ ಗಿರಾಕಿಗಳು ಬೇರೆ ಹೋಟೆಲು ನೋಡಿಕೊಳ್ಳುವುದು ಒಳ್ಳೆಯದು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನಾಲ್ಕಕ್ಕೆ ನಾಲ್ಕು.

ಸುಂದರಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ನಡೆದರು. ಶೆಟ್ಟರ ಮುಖ ಕೆಂಪಾಯಿತು. ಪೈಗಳು, ಬನ್ಸು, ಕೂಡಿಸಿದ ಟೇಬಲು ಎಲ್ಲ ಕಣ್ಣೆದುರು ಸುಳಿದುಹೋದವು.

"ತಪ್ಪು ಅಂತ ಮೊದಲ ದಿನವೇ ಗೊತ್ತಿತ್ತಾ ನಿಂಗೆ?"

"ಹೌದು. ಮರುದಿನ ನಿಮ್ಮ ಟೇಬಲಿನ ಲೆಕ್ಕ ಟೀಚರ್ ಹತ್ರ ಹೇಳಿ, ಕೇಳಿ ಸರಿ ಮಾಡಿಕೊಂಡೆ."

"ಮತ್ತೆ ನನ್ನ ಹತ್ರ ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

ಮನ್ವಿತಾ ಪೆನ್ನಿನ ಕ್ಯಾಪು ತಿರುಗಿಸುತ್ತ ಕೂತಳು. "ಹೇಳಿದ್ರೆ ನೀವು ನನ್ನೊಟ್ಟಿಗೆ ಕೂತ್ಕೊಳ್ಳುವುದು ನಿಲ್ಲಿಸ್ತಿದ್ರಿ."

ಶೆಟ್ಟರು ಪತ್ರಿಕೆಗೆ ಸಹಿ ಹಾಕಿ, ಇನ್ನು ಮೇಲೆ ವಾಮಂಜೂರಿಗೇ ಹೋಗುವ, ತನ್ನ ಪಾಠ ಸಾಕು ಎಂದರು.

"ಬೇಡ ಪಪ್ಪ. ಮುಂದಿನ ಪಾಠ ಸಮೀಕರಣ. ಅದನ್ನೂ ನಿಮ್ಮ ಹತ್ರ ಕೇಳಿಕೊಂಡು ಬರ್ಲಿಕ್ಕೆ ಟೀಚರ್ ಹೇಳಿದ್ದಾರೆ. ಅವ್ರಿಗೆ ಅರ್ಧವಾರ್ಷಿಕದ ಪ್ರಶ್ನೆಪತ್ರಿಕೆ ಮಾಡ್ಲಿಕ್ಕುಂಟಂತೆ."

ಅಡುಗೆಮನೆಯಲ್ಲಿ ಸುಂದರಿಯವರ ನಗು ತಡೆ ಮೀರಿತು. ಶೆಟ್ಟರು ಬಿಗುಮಾನದಲ್ಲೇ ಕುರ್ಚಿಯನ್ನು ಮಗಳ ಪಕ್ಕಕ್ಕೆ ಎಳೆದುಕೊಂಡು, ಪುಸ್ತಕ ತೆಗಿ ಎಂದರು.