ಕಾಕಾನ ಹನ್ನೊಂದು ರಾಣಿಯರು

ತಪ್ಪು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಒಬ್ಬ ರಾಣಿ ತನ್ನ ಮೊಟ್ಟೆಗಳನ್ನೇ ತಿಂದುಹಾಕಿದ್ದಕ್ಕೆ ಕಾರಣ ನಾನು. ರಾಣಿ ನಮ್ಮ ಕಾಕಾನವಳು. ಯಲಹಂಕದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆತ ಹನ್ನೊಂದು ರಾಣಿಯರನ್ನು ಇಟ್ಟುಕೊಂಡಿದ್ದ, ಹೆಂಡತಿ ಕಾಕುವನ್ನು ಲೆಕ್ಕಕ್ಕೆ ಹಿಡಿಯದೆ. ಗಾಬರಿಯಾಗಬೇಡಿ, ಎಲ್ಲವೂ ಇರುವೆಗಳು.

ಎಂಬತ್ತರ ಆಚೀಚೆಯ ಮಾತು. ಪಿಯುಸಿಯಲ್ಲಿ ಡುಮ್ಕಿ ಹೊಡೆದ ನಾನು, ಆರ್.ಟಿ. ನಗರದ ನಮ್ಮ ಮನೆಯಲ್ಲಿ ಮುಖ ತೋರಿಸಲಾಗದೆ ಕಾಕಾನ ಮನೆ ಸೇರಿದ್ದೆ. ಧಾರವಾಡದಿಂದ ಬಂದು ಯಶವಂತಪುರದ ಕಾರ್ಖಾನೆ ಸೇರಿದ್ದ ಆತ, ಮೊದಲ ಮಳೆ ಬಿತ್ತೆಂದರೆ ನನ್ನನ್ನು ಸೈಕಲ್ಲಿಗೆ ಹೇರಿಕೊಂಡು ರಾಣಿಯರನ್ನು ಹಿಡಿಯಲು ಪುಟ್ಟೇನಹಳ್ಳಿ ಕೆರೆ ಏರಿಗೆ ಓಡುತ್ತಿದ್ದ. ಜೇಬಿನ ತುಂಬ ಕಾಂಪೌಂಡರ್ ಕೊಟ್ಟ ಖಾಲಿ ಇಂಜೆಕ್ಷನ್ ಸೀಸೆಗಳು.

"ರೆಕ್ಕಿ ಇದ್ದಾಕೀನ ಬಿಡು. ರೆಕ್ಕಿ ತಾನ ಮುರಕೊಂಡು ಮನಿ ಹುಡುಕಾಕತ್ತಾಳ ನೋಡು, ಅಕೀನ ಹಿಡಿ."

ಅದೇನು ಸಂಭ್ರಮ ಅಂತೀರಿ! ಗೊದ್ದದ ರಾಣಿ ಕಡಲೆಬೀಜದಷ್ಟು ದಪ್ಪ. ಸಣ್ಣ ಕಪ್ಪಿರುವೆಯ ರಾಣಿ ಜೀರಿಗೆಯಷ್ಟು. ಕೆಂಜಿಗದ ರಾಣಿಯೋ ಹಸಿರು. ಮಾವಿನೆಲೆಯ ಮೇಲೆ ಕೂತರೆ ದೇವರಿಗೂ ಕಾಣಳು. ಕಾಕಾ ಕೆಸರಲ್ಲಿ ಮಂಡಿಯೂರಿದ್ದಾಗ ಎಮ್ಮೆ ಹೊಡೆದುಕೊಂಡು ಬಂದ ಅಜ್ಜಿಯೊಬ್ಬಳು ನಿಂತಳು.

"ಏನ್ ಉಡುಕ್ತಿದೀರಾ ಸ್ವಾಮಿ?"

"ರಾಣೀನ್ರಿ ಅವ್ವಾ."

"ಯಾಕೆ, ಮನೇಲಿರೋರು ಸಾಲ್ದಾ?"

ಇದನ್ನು ಅಜ್ಜಿಯ ದನಿಯಲ್ಲೇ ಮನೆಯಲ್ಲಿ ಅಭಿನಯಿಸಿ ತೋರಿಸಿದೆ. ಅಂದು ಕಾಕಾನ ತಟ್ಟೆಗೆ ಮಾತ್ರ ಉಪ್ಪಿಲ್ಲದ ಸಾರು ಬಿತ್ತು.

ಕಾಕು ಮದುವೆಯಾಗಿ ಬಂದು ಆರು ತಿಂಗಳಾಗಿತ್ತಷ್ಟೆ. ಸೀಸೆಯ ತಳದಲ್ಲಿ ನೀರು, ಅದರ ಮೇಲೆ ಹತ್ತಿ, ಮೇಲೆ ರಾಣಿ. ರಾಣಿಗೆ ಕತ್ತಲೆ ಬೇಕು. ಆ ಮನೆಯಲ್ಲಿ ಕತ್ತಲೆ ಎಂಬುದು ಇದ್ದದ್ದು ಕಾಕುವಿನ ತವರಿನ ಟ್ರಂಕಿನಲ್ಲಿ, ಇಳಕಲ್ ಸೀರೆಗಳ ನಡುವೆ!

"ಇದು ಬಾಣಂತಿ ಕೋಣಿ," ಎಂದ ಕಾಕಾ. "ಅಲ್ಲಾಡಿಸಿದ್ರ ಹೆದರಿ ಮೊಟ್ಟಿ ತಿಂತಾಳ."

"ಊಟಕ್ಕೇನ್ ಕೊಡ್ತೀರಿ?"

"ಏನೂ ಬ್ಯಾಡ. ಮೈಯಾಗಿಂದನ್ನ ಕರಗಿಸಿ ಮಕ್ಕಳ ಸಾಕ್ತಾಳ."

"ಅನ್ನಾ ನೀರಿಲ್ಲದ ಬಾಣಂತನ. ಎಲ್ಲಾನೂ ಒಂದಿನ ಹಿತ್ತಲಕ್ಕ ಸುರೀತೇನ್ರಿ, ನೋಡ್ರಿ," ಎಂದಳು ಕಾಕು.

ಆಕೆ ಸುರಿಯುವ ಮೊದಲೇ ಹತ್ತು ಸೀಸೆಗಳಿಗೆ ಬೂಸು ಹಿಡಿಯಿತು. ಉಳಿದವಳು ಗೊದ್ದದ ರಾಣಿ ಒಬ್ಬಳೇ, ಏಳು ಮೊಟ್ಟೆಗಳೊಡನೆ. ಕಾಕಾ ಕೆಲಸಕ್ಕೆ ಹೋದ ಹೊತ್ತಿನಲ್ಲಿ ನಾನು ಗೆಳೆಯರನ್ನು ಕರೆದು, ಟ್ರಂಕ್ ತೆರೆದು, ಸೀಸೆ ಆಡಿಸುತ್ತ ಥೇಟ್ ಕಾಕಾನಂತೆ ಭಾಷಣ ಬಿಗಿದೆ. "ಗುರು, ಕಣ್ಮುಚ್ಕೊಂಡ್ರೆ ನಿಮ್ ಕಾಕಾನೇ ಕಣೋ," ಎಂದರು. ಬೀಗಿದೆ.

ಸಂಜೆ ಸೀಸೆಯಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ. ಕಾಕಾ ಬೈಯಲಿಲ್ಲ, ಊಟಕ್ಕೂ ಏಳಲಿಲ್ಲ. ಆ ಮೌನವನ್ನು ಅನುಕರಿಸಲು ನನಗೆ ಇವತ್ತಿಗೂ ಬಂದಿಲ್ಲ.

ಹದಿನೈದು ದಿನ ತಡೆದುಕೊಂಡೆ. ರಾಣಿ ಮತ್ತೆ ಮೊಟ್ಟೆ ಇಟ್ಟಿರಬಹುದೇ? ಮೆಲ್ಲಗೆ ಒಳಕೋಣೆಗೆ ಹೋದರೆ, ಕಾಕು ಟ್ರಂಕಿಗೆ ಅಡ್ಡಲಾಗಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

"ಒಂದೇ ಸಲ ನೋಡ್ತೀನಿ ಕಾಕು. ಬರೀ ಇರುವೆ ತಾನೇ?"

ಆಕೆ ಸೊಪ್ಪು ಕೆಳಗಿಟ್ಟಳು.

"ತವರ ಬಿಟ್ಟು ಬಂದು, ರೆಕ್ಕಿ ತಾನ ಮುರಕೊಂಡು, ಗುರುತಿಲ್ಲದ ಕತ್ತಲ್ಯಾಗ ಒಬ್ಬಾಕೀನ ಕುಂತಾಳ. ಅಕೀನ ನಾ ನೋಡ್ಕೋತೇನಿ. ನೀ ಹೊರಗ ನಡಿ."