ತೊನ್ನೆಂಬ ಶುಭಸಮಾಚಾರ

ಮನುಷ್ಯರ ಮೈ ಅವರವರ ಸ್ವಂತದ್ದು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಅದು ಶುದ್ಧ ಸುಳ್ಳು. ಮೈ ಎಂಬುದು ನಗರಸಭೆಯ ಉದ್ಯಾನದಂತೆ. ಯಾರು ಬೇಕಾದರೂ ಬಂದು ಒಂದು ಸುತ್ತು ಹಾಕಿ, ಇಲ್ಲಿ ಹುಲ್ಲು ಜಾಸ್ತಿಯಾಗಿದೆ, ಅಲ್ಲಿ ಒಣಗಿದೆ, ಆ ಮೂಲೆಯಲ್ಲಿ ಬಣ್ಣ ಹೋಗಿದೆ ಎಂದು ಹೇಳಿ ಹೋಗಬಹುದು. ಮೈಸೂರಿನಲ್ಲಿದ್ದಾಗ ಇದು ನಮ್ಮ ಬೀದಿಯವರ ಚಟ ಎಂದುಕೊಂಡಿದ್ದೆ. ಕಡಲಾಚೆಯ ಈ ಕರ್ಕ್‌ಲ್ಯಾಂಡಿಗೆ ಬಂದು ಒಂಬತ್ತು ವರ್ಷವಾದ ಮೇಲೆ ಗೊತ್ತಾಗಿದೆ, ಬೀದಿಯೂ ನಮ್ಮ ಜೊತೆಗೇ ವಿಮಾನ ಹತ್ತಿತ್ತು.

ನಾನು ದಪ್ಪಗಿದ್ದೆ. ಈ ಮಾತನ್ನು ಇಷ್ಟು ನೇರವಾಗಿ ಬರೆಯಲು ನನಗೆ ನಲವತ್ತು ವರ್ಷ ಬೇಕಾಯಿತು. ಡಾಕ್ಟರು ನನ್ನ ರಕ್ತಪರೀಕ್ಷೆಯ ಹಾಳೆ ನೋಡಿ, ಸಕ್ಕರೆ ಗಡಿಯಲ್ಲಿ ನಿಂತಿದೆ, ತೂಕ ಇಳಿಸದಿದ್ದರೆ ಒಳಗೇ ಬಂದುಬಿಡುತ್ತದೆ ಎಂದರು. ಸರಿ, ಇಳಿಸಲು ಶುರು ಮಾಡಿದೆ. ಆಫೀಸಿನ ಅಡುಗೆಮನೆಯ ಬಿಟ್ಟಿ ಬಿಸ್ಕತ್ತಿನ ಕಡೆ ನೋಡದೆ, ಮಧ್ಯಾಹ್ನ ಸರೋವರದ ದಂಡೆಯಲ್ಲಿ ಬಿರಬಿರನೆ ನಡೆದೆ. ಮಳೆ ಬಂದರೂ ನಡೆದೆ. ಇಲ್ಲಿ ಮಳೆಗೆ ಕಾದರೆ ನಡೆಯುವುದೇ ಆಗುವುದಿಲ್ಲ. ತೂಕದ ವಿಷಯದಲ್ಲಿ ನನ್ನದೊಂದು ಪದ್ಧತಿಯಿದೆ. ಎಷ್ಟಿದ್ದೇನೆ ಎಂದು ಹೇಳುವಾಗ ಕೆ.ಜಿ.ಯಲ್ಲಿ, ಎಷ್ಟು ಇಳಿದೆ ಎಂದು ಹೇಳುವಾಗ ಪೌಂಡಿನಲ್ಲಿ. ಎರಡು ದೇಶದ ಅನುಭವ ಇಷ್ಟಾದರೂ ಉಪಯೋಗಕ್ಕೆ ಬರಬೇಡವೇ? ಹಾಗೆ ಲೆಕ್ಕ ಹಾಕಿದರೆ ಹತ್ತು ತಿಂಗಳಲ್ಲಿ ಮೂವತ್ತು ಪೌಂಡು ಹೋಯಿತು. ಆದರೆ ಎಲ್ಲಿಂದ ಹೋಯಿತು? ಕೆನ್ನೆಯಿಂದ ಹೋಯಿತು. ಕತ್ತಿನಿಂದ ಹೋಯಿತು. ತೋಳಿನೊಳಗಿನ ಕೊಬ್ಬು ಮನೆ ಖಾಲಿ ಮಾಡಿ, ಚರ್ಮವನ್ನು ಮಾತ್ರ ಪರದೆಯಂತೆ ನೇತಾಡಲು ಬಿಟ್ಟು ಹೋಯಿತು. ಹೊಟ್ಟೆ ಮಾತ್ರ ಗ್ರೀನ್ ಕಾರ್ಡ್ ಸಿಕ್ಕವರ ಹಾಗೆ ಅಲ್ಲಾಡದೆ ಕೂತಿದೆ.

ಇದರ ಮಧ್ಯೆ, ನವೆಂಬರ್ ತಿಂಗಳ ಒಂದು ಭಾನುವಾರ, ನಾನು ರೊಟ್ಟಿ ಬಡಿಯುತ್ತಿದ್ದಾಗ ನನ್ನ ಗಂಡ ಬಸವರಾಜ ನನ್ನ ಮುಖ ನೋಡಿ, "ಕಣ್ಣಿನ ಹಂತ್ಯಾಕ ಹಿಟ್ಟ ಹತ್ತೇತಿ ನೋಡು, ಒರಸ್ಕೋ" ಎಂದರು. ಅವರು ಗದಗಿನವರು, ರೆಂಟನ್ನಿನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರು. ವಿಮಾನದ ರೆಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕಂಡುಹಿಡಿಯುವ ಮನುಷ್ಯ. ನಾನು ಸೆರಗಿಲ್ಲದ್ದರಿಂದ ತೋಳಿನಲ್ಲಿ ಒರೆಸಿಕೊಂಡೆ. "ಇನ್ನೂ ಐತಿ" ಎಂದರು. ನೀರು ಹಚ್ಚಿ ಒರೆಸಿದೆ. "ಐತಿ." ಸೋಪು ಹಾಕಿದೆ. ಹೋಗಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಬಲಗಣ್ಣಿನ ತುದಿಯಲ್ಲಿ ಅವರೆಕಾಳಿನಷ್ಟು ಬಿಳಿ. ಆಮೇಲೆ ಕೈ ನೋಡಿಕೊಂಡರೆ ಎರಡು ಬೆರಳ ಗಿಣ್ಣಿನ ಮೇಲೆ ಬಿಳಿ. ಮೊಣಕೈಯಲ್ಲೂ ಬಿಳಿ.

"ಚಿಬ್ಬು ಇರ್ಬೇಕು" ಎಂದೆ ನಾನು. "ಹೌದೌದು, ಚಿಬ್ಬ" ಎಂದರು ಅವರು. ಇಬ್ಬರಿಗೂ ಇನ್ನೊಂದು ಶಬ್ದ ಗೊತ್ತಿತ್ತು. ಇಬ್ಬರೂ ಅದನ್ನು ಹೇಳಲಿಲ್ಲ.

ಚರ್ಮದ ಡಾಕ್ಟರು ಒಂದು ನೀಲಿ ದೀಪ ಹಿಡಿದು ನೋಡಿ, ನಾವು ಹೇಳದೆ ಬಿಟ್ಟ ಶಬ್ದವನ್ನು ಇಂಗ್ಲಿಷಿನಲ್ಲಿ ಹೇಳಿದರು. ಇಂಗ್ಲಿಷಿನಲ್ಲಿ ಅದು ಯಾವುದೋ ಹೂವಿನ ಹೆಸರಿನ ಹಾಗೆ ಚೆನ್ನಾಗಿಯೇ ಕೇಳಿಸಿತು. ಅಂಟುವುದಿಲ್ಲ, ನೋಯುವುದಿಲ್ಲ, ತೂಕ ಇಳಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಮುಲಾಮು ಬರೆದುಕೊಟ್ಟು, "ದಿನಾ ಸ್ವಲ್ಪ ಬಿಸಿಲಿಗೆ ಮೈಯೊಡ್ಡಿದರೂ ಒಳ್ಳೆಯದೇ" ಎಂದು ಕಿಟಕಿಯ ಹೊರಗೆ ನೋಡಿದರು. ನಾನೂ ನೋಡಿದೆ. ಹೊರಗೆ ಮಧ್ಯಾಹ್ನ ಎರಡು ಗಂಟೆಗೇ ಕಾರುಗಳು ದೀಪ ಹಾಕಿಕೊಂಡು ಹೋಗುತ್ತಿದ್ದವು. ಇಬ್ಬರೂ ಆ ವಿಷಯವನ್ನು ಅಲ್ಲಿಗೇ ಬಿಟ್ಟೆವು.

ಸ್ಕೈಪಿನಲ್ಲಿ ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತು. "ಮೀನು ತಿಂದು ಹಾಲು ಕುಡಿದ್ಯೇನೇ?" ಎಂದರು.

"ಅಮ್ಮಾ, ನಾವು ಮೀನೇ ತಿನ್ನಲ್ಲ."

"ನೀವು ತಿನ್ನದಿದ್ರೇನು, ಸಮುದ್ರದ ಪಕ್ಕ ಇದೀರಲ್ಲ, ಅದರ ಗಾಳಿ ಕುಡಿದಿರ್ತೀಯ. ಯಾರಿಗೂ ಹೇಳಕ್ಕೆ ಹೋಗ್ಬೇಡ. ಋತುಗೆ ನಾಳೆ ಮದುವೆ ಮಾಡ್ಬೇಕು."

ಋತು ನನ್ನ ಮಗಳು. ಅವಳಿಗೆ ಆಗ ಹತ್ತು ವರ್ಷ.

ಅಮ್ಮನ ಮೇಲೆ ರೇಗಿದೆ. ಆದರೆ ನನಗೆ ರೇಗುವ ಹಕ್ಕಿರಲಿಲ್ಲ. ಮೈಸೂರಿನಲ್ಲಿ ನಮ್ಮ ಎದುರು ಮನೆಯ ಶಾರದಮ್ಮನವರಿಗೆ ಎರಡೂ ಕೈಗೆ ತೊನ್ನಿತ್ತು. ರಾಮನವಮಿಯ ದಿನ ಮಕ್ಕಳನ್ನೆಲ್ಲ ಕರೆದು ಕೋಸಂಬರಿ ಕೊಡುತ್ತಿದ್ದರು. ನಾವು ಬಾಳೆಲೆಯ ಚೂರಿನಲ್ಲಿ ತೆಗೆದುಕೊಂಡು, ಬಾಗಿಲು ದಾಟಿದ ತಕ್ಷಣ ಮೂಲೆಯ ಹಸುವಿಗೆ ಹಾಕುತ್ತಿದ್ದೆವು. ಒಂದು ಸಲ ತಿರುಗಿ ನೋಡಿದರೆ ಅವರು ಕಿಟಕಿಯಲ್ಲಿ ನಿಂತಿದ್ದರು. ಮರುವರ್ಷವೂ ಕರೆದರು. ನಾನು ಮರುವರ್ಷವೂ ಹಸುವಿಗೇ ಹಾಕಿದೆ. ಇದನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಹೀಗಾಗಿ, ಮುಚ್ಚಿಡುವುದು ಎಂದು ತೀರ್ಮಾನವಾಯಿತು. ಬೆಲ್ವ್ಯೂನ ಅಂಗಡಿಯೊಂದರಲ್ಲಿ ಚರ್ಮದ ಬಣ್ಣದ ಕ್ರೀಮು ಸಿಗುತ್ತದೆ ಎಂದು ಕೇಳಿ ಹೋದೆ. ಅಲ್ಲಿ ನನ್ನ ಹೊಟ್ಟೆ ಉರಿಸುವುದಕ್ಕೆಂದೇ ಬಣ್ಣಗಳಿಗೆಲ್ಲ ತಿಂಡಿಯ ಹೆಸರಿಟ್ಟಿದ್ದರು. ಜೇನು, ಬಾದಾಮಿ, ಕ್ಯಾರಮೆಲ್, ಟಾಫಿ, ಮೋಕಾ. ಹತ್ತು ತಿಂಗಳಿನಿಂದ ಸಕ್ಕರೆ ಮುಟ್ಟದ ಹೆಂಗಸಿನ ಮುಂದೆ ಅಂಗಡಿಯ ಹುಡುಗಿ ಒಂದೊಂದೇ ಡಬ್ಬಿ ತೆಗೆದು, "ನೀವು ಕ್ಯಾರಮೆಲ್ಲೂ ಅಲ್ಲ, ಟಾಫಿಯೂ ಅಲ್ಲ, ಎರಡನ್ನೂ ಸ್ವಲ್ಪ ಸ್ವಲ್ಪ ಕಲಸಿಕೊಳ್ಳಿ" ಎಂದಳು. ದಿನಾ ಬೆಳಿಗ್ಗೆ ಕಲಸಿದೆ. ಕೈ ತೊಳೆದಾಗಲೆಲ್ಲ ಬೆರಳಿನದು ಹೋಗುತ್ತಿತ್ತು, ಮತ್ತೆ ಹಚ್ಚಬೇಕು. ಅಂಗಿಯ ತೋಳಿಗೆ ಟಾಫಿ, ದಿಂಬಿನ ಚೀಲಕ್ಕೆ ಕ್ಯಾರಮೆಲ್. ಆಫೀಸಿನ ಮೀಟಿಂಗುಗಳಲ್ಲಿ ಕೈಯನ್ನು ಮೇಜಿನ ಕೆಳಗೇ ಇಟ್ಟುಕೊಂಡು, ಯಾರ ಕೈಯನ್ನೂ ಕುಲುಕದೆ, ಬರೀ ತಲೆಯಾಡಿಸುತ್ತ ಒಂಬತ್ತು ತಿಂಗಳು ಕಳೆದೆ. ಆ ವರ್ಷ ನನ್ನ ಮ್ಯಾನೇಜರು, ನಾನು ಬಹಳ ಗಂಭೀರ ಸ್ವಭಾವದವಳಾಗಿದ್ದೇನೆ ಎಂದು ಮೆಚ್ಚಿ ಬರೆದರು.

ಆಗಸ್ಟಿನಲ್ಲಿ ಪದ್ಮಕ್ಕ ಕಂಡರು. ಪದ್ಮಕ್ಕ ಎಂದರೆ ನಮ್ಮ ಕಡೆಯ ಕನ್ನಡದವರಿಗೆಲ್ಲ ಹಿರಿಯಕ್ಕ. ಬಸವನಗುಡಿಯಿಂದ ಬಂದು ಇಪ್ಪತ್ತು ವರ್ಷ. ಯಾರ ಮನೆಯಲ್ಲಿ ಮಗು ಹುಟ್ಟಿದರೂ, ಯಾರ ಕೆಲಸ ಹೋದರೂ, ಯಾರ ಅತ್ತೆ ಬಂದರೂ ಮೊದಲು ಅವರಿಗೆ ಗೊತ್ತಾಗುತ್ತದೆ. ಇಂಡಿಯನ್ ಅಂಗಡಿಯಲ್ಲಿ ಕರಿಬೇವಿನ ಮುಂದೆ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ಸೆಖೆಯಲ್ಲಿ ಕಣ್ಣಿನ ಪಕ್ಕದ ಕ್ರೀಮು ಕರಗಿತ್ತೆಂದು ಕಾಣುತ್ತದೆ.

"ಏನೇ ವಸು, ಇಷ್ಟೊಂದು ಇಳಿದುಹೋಗಿದೀಯ? ಟ್ರೀಟ್‌ಮೆಂಟ್ ತಗೋತಾ ಇದೀಯಾ?"

ಮುಲಾಮಿನ ವಿಷಯ ಇವರಿಗೆ ಹೇಗೆ ಗೊತ್ತಾಯಿತೋ ಎಂದು ನಾನು ಗಾಬರಿಯಾಗಿ, "ಹ್ಞೂಂ ಪದ್ಮಕ್ಕ, ನಡೀತಾ ಇದೆ" ಎಂದುಬಿಟ್ಟೆ.

ಅವರು ದನಿ ತಗ್ಗಿಸಿ, "ಯಾವ ಸ್ಟೇಜು?" ಎಂದರು.

ಆ ವರ್ಷದ ಗಣೇಶನ ಹಬ್ಬದ ಕಾರ್ಯಕ್ರಮಕ್ಕೆ ಶಾಲೆಯ ಸಭಾಂಗಣ ಗೊತ್ತುಮಾಡುವ ಜವಾಬ್ದಾರಿ ನನ್ನದಾಗಿತ್ತು. ಸದ್ಯ, ಮಾತು ಬದಲಾಯಿತಲ್ಲ ಎಂಬ ಖುಷಿಯಲ್ಲಿ ನಾನು, "ಇನ್ನೂ ಗೊತ್ತಾಗಿಲ್ಲ ಪದ್ಮಕ್ಕ. ಮುಂದಿನ ವಾರ ಹೇಳ್ತಾರಂತೆ. ಏನು ಕೊಡ್ತಾರೋ ಅದಕ್ಕೆ ಹೊಂದ್ಕೋಬೇಕು" ಎಂದೆ. ಪದ್ಮಕ್ಕ ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಸಭಾಂಗಣದ ಬಗ್ಗೆ ಇವರಿಗೆ ಇಷ್ಟು ಕಾಳಜಿಯೇ ಎಂದು ನನಗೆ ಹೃದಯ ತುಂಬಿಬಂತು.

ಮರುದಿನದಿಂದ ಊಟ ಬರತೊಡಗಿತು. ಸೋಮವಾರ ಬಿಸಿಬೇಳೆಬಾತು. ಮಂಗಳವಾರ ಚಪಾತಿ, ಸಾಗು, ಗಸಗಸೆ ಪಾಯಸ. ಬುಧವಾರ ಸರೋವರದಾಚೆಯ ಸೌತ್ ಲೇಕ್ ಯೂನಿಯನ್ನಿನಿಂದ ಯಾರೋ ಆಫೀಸು ಮುಗಿಸಿ, ಟ್ರಾಫಿಕ್ಕಿನಲ್ಲಿ ಸೇತುವೆ ದಾಟಿ ಹೋಳಿಗೆ ತಂದರು. ಗಂಟೆ ಬಾರಿಸುವುದು, ಡಬ್ಬಿ ಕೊಡುವುದು, ನನ್ನ ಹೊಟ್ಟೆಯ ಕಡೆ ನೋಡದೆ ಮುಖವನ್ನೇ ನೋಡುವುದು, "ಧೈರ್ಯವಾಗಿರಿ" ಎಂದು ಹೋಗುವುದು. ಎಂಟು ದಿನ ಹೀಗೇ ನಡೆಯಿತು.

"ಯಾಕ್ರೀ ಇವರೆಲ್ಲ ಊಟ ತರ್ತಿದಾರೆ?" ಎಂದು ಗಂಡನನ್ನು ಕೇಳಿದೆ.

"ಭಾಳ ಚೊಲೋ ಮಂದಿ ಅದಾರ" ಎಂದರು ಬಸವರಾಜ, ಮೂರನೆಯ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತ. "ತಂದು ಕೊಡ್ತಾರಂದ್ರ ತಿನ್ನೂದು. ಕಾರಣಾ ಯಾಕ ಕೇಳ್ಬೇಕು?"

ಬಿಸಾಡಲು ಮನಸ್ಸು ಬರುವುದಿಲ್ಲ, ಹಸು ಇಲ್ಲಿ ಸಿಗುವುದಿಲ್ಲ. ನಾನೂ ತಿಂದೆ. ಒಂದು ವಾರಕ್ಕೆ ನಾಲ್ಕು ಪೌಂಡು ವಾಪಸು ಬಂತು. ಅದು ಮಾತ್ರ ನೇರವಾಗಿ ಹೊಟ್ಟೆಗೇ ಹೋಯಿತು.

ಅದೇ ವಾರ ಮನೆಯಲ್ಲಿ ಇನ್ನೊಂದು ಆಶ್ಚರ್ಯ. ಋತು ಹೇಳದೆಯೇ ಪಾತ್ರೆ ತೊಳೆಯುವ ಯಂತ್ರ ಖಾಲಿ ಮಾಡುತ್ತಿದ್ದಳು. ಶೂಗಳನ್ನು ಸಾಲಾಗಿ ಇಡುತ್ತಿದ್ದಳು. ಹಾಗಲಕಾಯಿ ತಿಂದಳು. ಮಗಳಿಗೆ ಬುದ್ಧಿ ಬಂತು ಎಂದು ನಾನು ಹಿಗ್ಗುತ್ತಿದ್ದೆ. ಶನಿವಾರ ಬೆಳಿಗ್ಗೆ ನಾನು ಕನ್ನಡಿಯ ಮುಂದೆ ಕ್ಯಾರಮೆಲ್ಲು ಟಾಫಿ ಕಲಸುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತಳು. ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಅವತ್ತು ತಾನಾಗಿಯೇ ಕನ್ನಡದಲ್ಲಿ ಕೇಳಿದಳು:

"ಅಮ್ಮಾ, ನೀನು ಸತ್ತೋಗ್ತೀಯಾ?"

ನನ್ನ ಕೈಯ ಡಬ್ಬಿ ಬೇಸಿನ್ನಿಗೆ ಬಿತ್ತು. ಯಾರು ಹೇಳಿದರು ಎಂದರೆ, ಡಾನ್ಸ್ ಕ್ಲಾಸಿನ ಗೆಳತಿ. ಅವಳಿಗೆ ಅವಳಮ್ಮ. ಅವಳಮ್ಮನಿಗೆ ವಾಟ್ಸಾಪ್ ಗುಂಪು. ನನಗೆ ಕ್ಯಾನ್ಸರು, ಯಾವ ಸ್ಟೇಜೆಂದು ಮುಂದಿನ ವಾರ ಗೊತ್ತಾಗುತ್ತದೆ, ಮೈಬಣ್ಣ ಹೋಗುತ್ತಿರುವುದು ಔಷಧಿಯಿಂದ. ಊಟಕ್ಕೆ ಯಾವ ದಿನ ಯಾರು ಎಂದು ಪಟ್ಟಿಯೂ ಆಗಿತ್ತು. ಹತ್ತು ವರ್ಷದ ಮಗು ಇದನ್ನೆಲ್ಲ ಒಂದು ವಾರ ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡು ಪಾತ್ರೆ ಜೋಡಿಸುತ್ತಿದ್ದಳು.

ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಒದ್ದೆ ಬಟ್ಟೆಯಲ್ಲಿ ಕಣ್ಣು, ಬೆರಳು, ಮೊಣಕೈ ಎಲ್ಲ ಒರೆಸಿ ತೋರಿಸಿದೆ. "ಇಷ್ಟೇ ಪುಟ್ಟಾ. ಇದರ ಹೆಸರು ತೊನ್ನು. ಇದರಿಂದ ಯಾರೂ ಸಾಯಲ್ಲ." ಆ ಶಬ್ದವನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಬೆರಳಿನಿಂದ ಮುಟ್ಟಿ ನೋಡಿದಳು. ಸ್ವಲ್ಪ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ದೆನ್ ವೈ ವರ್ ಯು ಹೈಡಿಂಗ್ ಇಟ್?" ಎಂದಳು. ನಾನು ಒದ್ದೆ ಬಟ್ಟೆಯನ್ನು ಇನ್ನೊಂದು ಸಲ ಹಿಂಡಿದೆ. ಅವಳೇ ಮುಂದುವರಿಸಿ, ಹಾಗಾದರೆ ನಾಳೆಯಿಂದ ಪಾತ್ರೆ ಜೋಡಿಸಬೇಕಾಗಿಲ್ಲವಲ್ಲ ಎಂದು ಕೇಳಿ ಖಚಿತಪಡಿಸಿಕೊಂಡು ಹೋದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮುಂದಿನ ವಾರ ಗೌರಿ ಹಬ್ಬ. ಪದ್ಮಕ್ಕನ ಮನೆಯಲ್ಲಿ ಅರಿಸಿನ ಕುಂಕುಮಕ್ಕೆ ಹದಿನೈದು ಜನ ಹೆಂಗಸರು ಸೇರಿದ್ದರು. ಕ್ರೀಮು ಹಚ್ಚದೆ, ಗಿಡ್ಡ ತೋಳಿನ ರವಿಕೆ ಹಾಕಿಕೊಂಡು, ಎಲ್ಲರನ್ನೂ ಝಾಡಿಸಿಬಿಡಬೇಕೆಂದು ದಾರಿಯುದ್ದಕ್ಕೂ ಭಾಷಣ ಬಾಯಿಪಾಠ ಮಾಡಿಕೊಂಡು ಹೋದೆ. ಒಳಗೆ ಕಾಲಿಟ್ಟದ್ದೇ ಮಾತೆಲ್ಲ ನಿಂತಿತು. ಭಾಷಣವೂ ಮರೆತುಹೋಯಿತು.

"ನೋಡಿ, ನನಗೆ ಕ್ಯಾನ್ಸರ್ ಇಲ್ಲ" ಎಂದೆ. "ತೂಕ ನಾನೇ ಇಳಿಸಿದ್ದು, ಕಷ್ಟಪಟ್ಟು. ಇದು ತೊನ್ನು. ಬರೀ ತೊನ್ನು."

ಪದ್ಮಕ್ಕ, "ಅಯ್ಯೋ, ಅಷ್ಟೇನಾ!" ಎಂದು ನನ್ನನ್ನು ತಬ್ಬಿಕೊಂಡರು. ಉಳಿದವರೂ ಬಂದರು. "ತೊನ್ನಂತೆ ಕಣ್ರೀ, ಬರೀ ತೊನ್ನಂತೆ!" ಎಂದು ಅಡುಗೆಮನೆಯಲ್ಲಿದ್ದವರಿಗೆ ಯಾರೋ ಕೂಗಿ ಹೇಳಿದರು. ಮಗನಿಗೆ ಸೀಟು ಸಿಕ್ಕಿತು ಎಂಬ ಹಾಗೆ. ಒಬ್ಬರು ಬಾಯಿಗೆ ಸಕ್ಕರೆ ಹಾಕಿದರು. ಒಂಬತ್ತು ತಿಂಗಳು ಯಾವ ಶಬ್ದಕ್ಕೆ ಹೆದರಿ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡಿದ್ದೆನೋ ಆ ಶಬ್ದಕ್ಕೆ ಸಿಹಿ ಹಂಚಿದ್ದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲರೂ ಹಾಗಿರಲಿಲ್ಲ. ಒಬ್ಬರು ನಾನು ಕೊಟ್ಟ ತಾಂಬೂಲವನ್ನು ಬೆರಳಿನ ತುದಿಯಲ್ಲಿ ತೆಗೆದುಕೊಂಡು, ಆಮೇಲೆ ಕೈ ತೊಳೆಯಲು ಎದ್ದು ಹೋದರು. ನಾನು ಬೈಯಲಿಲ್ಲ. ನನಗೆ ಮೂಲೆಯ ಹಸು ನೆನಪಾಗಿತ್ತು.

ಮೂರು ದಿನ ಬಿಟ್ಟು ಪದ್ಮಕ್ಕ ಒಬ್ಬರೇ ನಮ್ಮ ಮನೆಗೆ ಬಂದರು. ಕ್ಷಮೆ ಕೇಳಲು ಬಂದಿರಬೇಕೆಂದು ನಾನು ಸ್ವಲ್ಪ ಬಿಗುವಾಗಿಯೇ ಕಾಫಿ ಕೊಟ್ಟೆ. ಅವರು ಕಾಫಿ ಮುಟ್ಟದೆ, ಬಾಗಿಲು ಹಾಕಿದೆಯೇ ಎಂದು ತಿರುಗಿ ನೋಡಿ, ಬಗ್ಗಿ ಎಡಗಾಲಿನ ಸಾಕ್ಸ್ ಕಳಚಿದರು. ಪಾದದಿಂದ ಕಣಕಾಲಿನ ಮೇಲಿನವರೆಗೆ ಬಿಳಿ.

"ಹದಿನಾಲ್ಕು ವರ್ಷ ಆಯ್ತು ಕಣೇ" ಎಂದರು. "ನಮ್ಮವರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಮಕ್ಕಳಿಗೂ ಗೊತ್ತಿಲ್ಲ. ಎಲ್ಲರೆದುರಿಗೆ ಹೇಳ್ಬಿಟ್ಯಲ್ಲ, ಹೇಗನ್ನಿಸ್ತು?"

ಊರಿನವರ ಗುಟ್ಟೆಲ್ಲ ಬಲ್ಲ ಪದ್ಮಕ್ಕ ಒಂದು ಕಾಲಿನಲ್ಲಿ ಸಾಕ್ಸ್, ಒಂದು ಕಾಲು ಬರಿದು, ಚಿಕ್ಕ ಹುಡುಗಿಯ ಹಾಗೆ ನನ್ನ ಸೋಫಾದ ತುದಿಯಲ್ಲಿ ಕೂತಿದ್ದರು. ನಾನು ಅವರ ಪಕ್ಕ ಕೂತು ಆ ಪಾದವನ್ನು ಮುಟ್ಟಿದೆ. ಹೇಳಿದರೆ ಮನಸ್ಸು ಹಗುರಾಗುತ್ತದೆ, ಮುಚ್ಚಿಟ್ಟಷ್ಟೂ ಭಾರ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಎಂದು ಎರಡು ಗಂಟೆ ಧೈರ್ಯ ಹೇಳಿದೆ. ಹೊರಡುವಾಗ ಸಾಕ್ಸ್ ಏರಿಸಿಕೊಂಡು ಅವರು, "ನಿನಗಿರೋ ಧೈರ್ಯ ನನಗಿಲ್ಲ ವಸು. ಯಾರಿಗೂ ಹೇಳ್ಬೇಡ, ನನ್ನಾಣೆ" ಎಂದರು. ನಾನು ಅವರ ಕೈ ಮೇಲೆ ಕೈಯಿಟ್ಟು ಆಣೆ ಮಾಡಿದೆ.

ಬಸವರಾಜ ಕೆಲಸದಿಂದ ಬಂದು ಶೂ ಬಿಚ್ಚುವಷ್ಟರಲ್ಲಿ ಅವರಿಗೆ ಹೇಳಿಬಿಟ್ಟಿದ್ದೆ. ಗಂಡನಿಗೆ ಹೇಳಿದರೆ ಹೇಳಿದ ಹಾಗಲ್ಲ ಎಂದು ಸಮಾಧಾನ ಮಾಡಿಕೊಂಡೆ. ಈಗ ನಿಮಗೂ ಹೇಳಿದ್ದೇನೆ. ಅವರ ನಿಜವಾದ ಹೆಸರು ಪದ್ಮಕ್ಕ ಅಲ್ಲ, ಬದಲಾಯಿಸಿದ್ದೇನೆ. ಊರು ಬಸವನಗುಡಿಯೂ ಅಲ್ಲ. ಆದರೆ ಕರ್ಕ್‌ಲ್ಯಾಂಡಿನ ಕಡೆಯ ಕನ್ನಡದವರಲ್ಲಿ ಆಗಸ್ಟ್ ತಿಂಗಳ ಸೆಖೆಯಲ್ಲೂ ದಪ್ಪ ಸಾಕ್ಸ್ ಹಾಕಿಕೊಂಡು ಅರಿಸಿನ ಕುಂಕುಮ ಕೊಡುವವರು ಎಷ್ಟು ಜನ ಇದ್ದಾರು? ಇಷ್ಟು ಬರೆದ ಮೇಲೆ ಅದು ಹೊಳೆದಿದೆ. ಅವರು ಕೇಳಿದರೆ, ಬಲಗಾಲನ್ನು ಎಡಗಾಲು ಎಂದು ಬದಲಾಯಿಸಿದ್ದೇನಲ್ಲ ಎನ್ನೋಣ ಎಂದುಕೊಂಡಿದ್ದೇನೆ.